ರಜೆಯ ಮಕ್ಕಳಿಗೆ ಮೂರು ಬಣ್ಣದ ಹಣ್ಣಿನ ಕ್ಯಾಂಡಿ

ಮಾರ್ಚ್ ತಿಂಗಳ ಕೊನೆಗೆ ನಮ್ಮ ಕಾಸರಗೋಡಿನ ಶಾಲೆಗಳು ಮುಚ್ಚಿದರೆ ಮತ್ತೆ ಗಂಟೆ ಬಾರಿಸುವುದು ಜೂನ್ ತಿಂಗಳಲ್ಲಿ. ನಡುವಿನ ಎರಡು ತಿಂಗಳು ಮಕ್ಕಳ ವಾಸವೆಲ್ಲ ಗುಡ್ಡೆಯಲ್ಲಿ, ತೋಟದಲ್ಲಿ, ಮಾವಿನ ಮರದ ಬುಡದಲ್ಲಿ. ಗೇರು, ಮಾವು, ಹಲಸು, ಪುನರ್ಪುಳಿ, ಅನಾನಸು ಇವೆಲ್ಲವೂ ಹಣ್ಣಾಗುವುದು ಅದೇ ಎರಡು ತಿಂಗಳ ಆಚೀಚೆ. ತಿಂದು, ಹಂಚಿ, ಮಾಂಬಳ ಹಾಕಿ ಉಳಿದದ್ದು ಮರದ ಬುಡದಲ್ಲಿಯೇ ಕೊಳೆತು ನೊಣಗಳ ಪಾಲಾಗುತ್ತದೆ. ಹೀಗಿರುತ್ತಾ ಮಾರ್ಗದ ಬದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿದೊಡನೆ ಮಕ್ಕಳು ಚಿಲ್ಲರೆಗಾಗಿ ತಾಯಿಯ ಸೆರಗು ಹಿಡಿಯುತ್ತಾರೆ. ಅಂಗಡಿಯಿಂದ ಸಿಪ್‌ಅಪ್ ತೊಟ್ಟೆಗಳು ಮನೆಗೆ ಬರುತ್ತವೆ. ಹಿತ್ತಲಿನಲ್ಲಿ ಹಣ್ಣು ಕೊಳೆಯುತ್ತಿರುವಾಗ, ಹಣ್ಣಿನ ಹೆಸರು ಹೊತ್ತ ಸಕ್ಕರೆ ನೀರನ್ನು ದುಡ್ಡು ಕೊಟ್ಟು ತರುವುದು ಬೇಸಾಯಗಾರನ ಮನೆಗೆ ಒಪ್ಪುವ ಮಾತಲ್ಲವೆಂಬುದು ನಮ್ಮ ಅಭಿಪ್ರಾಯ.

ದುಡ್ಡಿನ ಮಾತು ಹಾಗಿರಲಿ, ಅದಕ್ಕಿಂತ ದೊಡ್ಡದು ನೀರಿನ ಮಾತು. ಎಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬಾವಿಗಳ ನೀರು ತಳ ಸೇರುತ್ತದೆ. ಅರಸಿನ ಕಾಮಾಲೆ, ವಾಂತಿಭೇದಿ ಮುಂತಾದ ನೀರಿನಿಂದ ಹರಡುವ ಕಾಯಿಲೆಗಳಿಗೆ ಇದು ಒದಗಿ ಬಂದ ಕಾಲ. ತಣ್ಣಗೆ ಗಟ್ಟಿಯಾದ ವಸ್ತುವಿನಲ್ಲಿ ರೋಗಾಣುಗಳು ಸತ್ತಿರುತ್ತವೆಂದು ಅನೇಕರು ನಂಬಿದ್ದಾರೆ. ಇದು ತಪ್ಪು. ಕಾಮಾಲೆಯನ್ನು ತರುವ ಹೆಪಟೈಟಿಸ್ ಎ ಎಂಬ ವೈರಾಣು ಮಂಜುಗಡ್ಡೆಯೊಳಗೆ ಸುಖವಾಗಿ ಇದ್ದು, ಕರಗಿದ ಮೇಲೆ ಬಾಯಿಯೊಳಗೆ ಮತ್ತೆ ತನ್ನ ಕೆಲಸ ಮಾಡಬಲ್ಲದು. ಅದನ್ನು ಕೊಲ್ಲುವುದು ಬಿಸಿ, ತಣ್ಪಲ್ಲ. ಮಾರುವವರೆಲ್ಲರೂ ಕೆಟ್ಟ ನೀರನ್ನು ಬಳಸುತ್ತಾರೆಂದು ನಾವು ಹೇಳುತ್ತಿಲ್ಲ. ಆದರೆ ಆ ನೀರು ಯಾವ ಬಾವಿಯದು, ಕುದಿದದ್ದೋ ಅಲ್ಲವೋ ಎಂದು ಕಡ್ಡಿಯನ್ನು ನೋಡಿ ತಿಳಿಯುವಂತಿಲ್ಲ. ಮನೆಯಲ್ಲಿ ಮಾಡಿದ್ದಾದರೆ ನಮಗೆ ತಿಳಿದಿರುತ್ತದೆ. ಆದುದರಿಂದ ಮೊದಲ ನಿಯಮ ಇದು: ಕ್ಯಾಂಡಿಗೆ ಸೇರುವ ಪ್ರತಿಯೊಂದು ತೊಟ್ಟು ನೀರೂ ಕೊತಕೊತನೆ ಒಂದೆರಡು ನಿಮಿಷ ಕುದಿದು ಮುಚ್ಚಿ ತಣಿದದ್ದಾಗಿರತಕ್ಕದ್ದು. ಕಡ್ಡಿ, ಲೋಟ, ಸೋಸುವ ಬಟ್ಟೆಗಳನ್ನೂ ಕುದಿನೀರಿನಲ್ಲಿ ಅದ್ದಿ ತೆಗೆಯಬೇಕು.

ಕಡ್ಡಿಗೆ ಅಂಟಿದ ಈ ತಿಂಡಿಯ ಮೂಲದ ಬಗ್ಗೆ ಒಂದು ಸ್ವಾರಸ್ಯವಾದ ಕಥೆ ಪ್ರಚಾರದಲ್ಲಿದೆ. 1905ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫ್ರಾಂಕ್ ಎಪ್ಪರ್ಸನ್ ಎಂಬ ಹನ್ನೊಂದು ವರ್ಷದ ಹುಡುಗನು ಸಿಹಿನೀರಿನ ಲೋಟವನ್ನು ಕಲಕುವ ಕಡ್ಡಿಯ ಸಮೇತ ಮನೆಯ ಜಗಲಿಯಲ್ಲಿ ಮರೆತುಬಿಟ್ಟನಂತೆ. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿತಂತೆ. ದೊಡ್ಡವನಾದ ಮೇಲೆ 1924ರಲ್ಲಿ ಅವನು ಅದಕ್ಕೆ ಪೇಟೆಂಟು ಪಡೆದದ್ದಂತೂ ದಾಖಲೆಯಲ್ಲಿದೆ. ನಮ್ಮ ಜಗಲಿಯಲ್ಲಿ ಅಂಥ ಚಳಿ ಬೀಳುವ ಭಯವಿಲ್ಲ. ನಮಗೆ ಫ್ರಿಜ್ಜೇ ಗತಿ.

ಈಗ ಕೆಲಸಕ್ಕೆ ಬರೋಣ. ನಾವು ಹೇಳುವುದು ಹಳದಿ, ಬಿಳಿ, ಕೆಂಪು ಎಂಬ ಮೂರು ಪದರಗಳ ಕ್ಯಾಂಡಿ. ಹಳದಿಗೆ ಮಾವು, ಬಿಳಿಗೆ ತೆಂಗು, ಕೆಂಪಿಗೆ ಪುನರ್ಪುಳಿ. ಮೂರೂ ಹಿತ್ತಲಿನವೇ, ಅಂಗಡಿಯಿಂದ ತರಬೇಕಾದದ್ದು ಸಕ್ಕರೆ ಮಾತ್ರ. ಅಚ್ಚುಗಳನ್ನು ಕೊಳ್ಳುವ ಅಗತ್ಯವಿಲ್ಲ. 100 ಮಿಲಿಲೀಟರು ಹಿಡಿಯುವ ಸಣ್ಣ ಸ್ಟೀಲ್ ಲೋಟಗಳು ಎಂಟು ಇದ್ದರೆ ಸಾಕು. ಬಾಯಿ ಅಗಲವಾಗಿ ತಳ ಕಿರಿದಾದ ಲೋಟವೇ ಆಗಬೇಕು. ಹೊಟ್ಟೆ ಉಬ್ಬಿದ್ದರೆ ಕ್ಯಾಂಡಿ ಹೊರಗೆ ಬಾರದು. ಕಡ್ಡಿಗೆ ಬಿದಿರಿನ ಸೀಳುಗಳನ್ನು ಸಿಬಿರು ಏಳದಂತೆ ಚೆನ್ನಾಗಿ ಹೆರೆದು, ಕುದಿಸಿ, ಒಣಗಿಸಿ ಇಟ್ಟುಕೊಳ್ಳಿ. ಒಂದೊಂದು ಲೋಟಕ್ಕೆ ಪ್ರತಿ ಪದರ 30 ಮಿಲಿಲೀಟರಿನಂತೆ, ಒಂದು ಬಣ್ಣಕ್ಕೆ 240 ಮಿಲಿಲೀಟರು ರಸ ಬೇಕು.

ಹಳದಿ: ಮುಂಡಪ್ಪದಂತಹ ತಿರುಳು ತುಂಬಿದ ಮಾವಾದರೆ ರುಬ್ಬಿದರೆ ಸಾಕು. ಕಾಟುಮಾವಿನ ಪರಿಮಳ ಅದಕ್ಕಿಂತ ಮೇಲು, ಆದರೆ ನಾರು ಹೆಚ್ಚು, ಹಿಸುಕಿ ಸೋಸಿಕೊಳ್ಳಬೇಕು. ಹಣ್ಣು ಸಿಹಿಯಾಗಿದ್ದರೆ ಸಕ್ಕರೆ ಬೇಡ, ಹುಳಿಯಿದ್ದರೆ 20-30 ಗ್ರಾಂ ಹಾಕಿ. ನೀರು ಸೇರಿಸಬೇಡಿ.

ಬಿಳಿ: ಒಂದು ತೆಂಗಿನಕಾಯಿಯನ್ನು ತುರಿದು, ಕುದಿಸಿದ ಉಗುರುಬೆಚ್ಚನೆಯ ನೀರು ಬೆರೆಸಿ ರುಬ್ಬಿ ದಪ್ಪ ಹಾಲು ತೆಗೆಯಿರಿ. ಒಂದು ಬೊಂಡದ ಎಳೆಯ ತಿರುಳನ್ನು ಇದರೊಂದಿಗೆ ನುಣ್ಣಗೆ ಅರೆದು ಸೇರಿಸಿದರೆ ಹಾಲಿನ ಜಿಡ್ಡು ಮೇಲೆ ತೇಲುವುದು ಕಡಿಮೆಯಾಗುತ್ತದೆ. 40 ಗ್ರಾಂ ಸಕ್ಕರೆ, ಒಂದು ಏಲಕ್ಕಿ.

ಕೆಂಪು: ಹತ್ತು-ಹನ್ನೆರಡು ಹಸಿ ಪುನರ್ಪುಳಿ ಹಣ್ಣುಗಳನ್ನು ತೊಳೆದು ಒಡೆದು, ಬೀಜ ತೆಗೆದು, ಸಿಪ್ಪೆಗೆ 60 ಗ್ರಾಂ ಸಕ್ಕರೆ ಹಾಕಿ ಹಿಸುಕಿ ಒಂದು ಗಂಟೆ ಬಿಡಿ. ಬಳಿಕ 250 ಮಿಲಿಲೀಟರು ತಣಿದ ನೀರು ಹಾಕಿ ಸೋಸಿರಿ. ಬೆರಳ ತುದಿಯಷ್ಟು ಉಪ್ಪು. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆ ಇದಕ್ಕೆ ಕೂಡದು. ಹುಳಿ ಲೋಹವನ್ನು ತಿಂದು ರಸ ವಿಷಮವಾಗುತ್ತದೆ. ಸ್ಟೀಲ್ ಅಥವಾ ಗಾಜು ಒಳ್ಳೆಯದು. ಬಿಳಿ ಪದರಕ್ಕೆ ದನದ ಹಾಲನ್ನು ನಾವು ಸೂಚಿಸದಿರುವುದಕ್ಕೂ ಈ ಹುಳಿಯೇ ಕಾರಣ. ಎರಡು ಪದರಗಳು ಕೂಡುವಲ್ಲಿ ದನದ ಹಾಲು ಒಡೆದುಹೋಗುತ್ತದೆ. ತೆಂಗಿನ ಹಾಲಾದರೆ ಅಲ್ಲಿ ಚೆಂದದ ಗುಲಾಬಿ ಬಣ್ಣ ಬಂದೀತು, ಅಷ್ಟೆ.

ಸಕ್ಕರೆಯ ಅಳತೆಯನ್ನು ನಾವು ಗ್ರಾಂ ಲೆಕ್ಕದಲ್ಲಿ ಹೇಳಿದ್ದು ಮೇಸ್ಟರ ಹಠದಿಂದಲ್ಲ. ಶುದ್ಧವಾದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಸಕ್ಕರೆ ಬೆರೆತ ನೀರಿಗೆ ಅದಕ್ಕಿಂತ ಹೆಚ್ಚಿನ ತಣ್ಪು ಬೇಕು. ಹೆಪ್ಪುಗಟ್ಟುವಾಗ ಮೊದಲು ಗಟ್ಟಿಯಾಗುವುದು ನೀರು ಮಾತ್ರ. ಉಳಿದ ರಸವು ಮತ್ತಷ್ಟು ಸಿಹಿಯಾಗುತ್ತಾ ಹರಳುಗಳ ಎಡೆಯಲ್ಲಿ ಪಾಕವಾಗಿ ಉಳಿಯುತ್ತದೆ. ಕ್ಯಾಂಡಿಯನ್ನು ಹಲ್ಲಿಗೆ ಮೆತ್ತಗೆ ಮಾಡುವುದು ಈ ಪಾಕವೇ. ಸಕ್ಕರೆ ತೀರ ಕಡಿಮೆಯಾದರೆ ಕಲ್ಲಿನಂತಹ ಮಂಜುಗಡ್ಡೆ. ತೀರ ಹೆಚ್ಚಾದರೆ ಎಷ್ಟು ಹೊತ್ತಾದರೂ ಲೋಳೆಲೋಳೆ. ನೂರು ಪಾಲು ರಸದಲ್ಲಿ ಹಣ್ಣಿನದೂ ಸೇರಿ ಹದಿನೈದರಿಂದ ಇಪ್ಪತ್ತು ಪಾಲು ಸಕ್ಕರೆಯಿದ್ದರೆ ಹದ. ಇನ್ನೊಂದು ಸಂಗತಿ: ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂದವಾಗಿ ತೋರುತ್ತದೆ. ಲೋಟಕ್ಕೆ ಹೊಯ್ಯುವ ಮೊದಲು ರುಚಿ ನೋಡುವಾಗ ಒಂದು ಗುಟುಕಿಗೆ ಕೊಂಚ ಹೆಚ್ಚೆನಿಸಿದರೆ ಸರಿಯಾಗಿದೆಯೆಂದು ತಿಳಿಯಿರಿ.

ಪದರ ಹಾಕುವುದರಲ್ಲಿಯೇ ಎಲ್ಲ ಜಾಣ್ಮೆ ಇರುವುದು. ಮೊದಲು ಮಾವಿನ ತಿರುಳು. ಅದು ದಪ್ಪವಾಗಿರುವುದರಿಂದ ಕಡ್ಡಿ ಹಿಡಿಯಲು ಅನುಕೂಲ. ಲೋಟಗಳನ್ನು ತಟ್ಟೆಯಲ್ಲಿ ಇರಿಸಿ ಫ್ರಿಜ್ಜಿನ ಮೇಲಿನ ಐಸಿನ ಅರೆಯಲ್ಲಿ ಇಡಿ. ಮುಕ್ಕಾಲು ಗಂಟೆಯ ಹೊತ್ತಿಗೆ ನೋಡಿ. ಬೆರಳಿನಿಂದ ಒತ್ತಿದರೆ ಗುರುತು ಬಿದ್ದು ರಸ ಅಂಟದಿದ್ದರೆ ಹದವಾಯಿತು. ಆಗ ಕಡ್ಡಿಯನ್ನು ನಡುವೆ ನೇರವಾಗಿ ಊರಿ ಬಿಳಿಯ ಪದರವನ್ನು ಹೊಯ್ಯಿರಿ. ಅದು ಇದೇ ಹದಕ್ಕೆ ಬಂದ ಮೇಲೆ ಕೆಂಪು. ಕೊನೆಯ ಪದರದ ಮೇಲೆ ಬೆರಳಗಲದಷ್ಟಾದರೂ ಜಾಗ ಬಿಡಬೇಕು. ನೀರು ಗಟ್ಟಿಯಾಗುವಾಗ ಹತ್ತಿರ ಹತ್ತಿರ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಮುಗಿದ ಮೇಲೆ ಇಡೀ ರಾತ್ರಿ ಮುಟ್ಟದೆ ಬಿಡಿ.

ಎರಡನೆಯ ಮತ್ತು ಮೂರನೆಯ ರಸಗಳನ್ನು ಹೊಯ್ಯುವ ಮೊದಲೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ತಣಿಸಿರಲೇಬೇಕು. ಏಕೆಂದು ಕೇಳುವ ಮಕ್ಕಳಿಗೆ ಲೆಕ್ಕ ಮಾಡಿ ತೋರಿಸಬಹುದು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ಬೇಸಗೆಯ 32 ಡಿಗ್ರಿಯಲ್ಲಿರುವ 30 ಗ್ರಾಂ ರಸವನ್ನು ಹೊಯ್ದರೆ, ಅದು ಸೊನ್ನೆಗೆ ಇಳಿಯುವಷ್ಟರಲ್ಲಿ 960 ಕ್ಯಾಲೊರಿ ಬಿಟ್ಟುಕೊಡುತ್ತದೆ. ಅಂದರೆ ಕೆಳಗಿನ 12 ಗ್ರಾಮಿನಷ್ಟು ಕರಗಿತು, ಬಣ್ಣಗಳು ಒಂದಾದವು. ಅದೇ ರಸ 5 ಡಿಗ್ರಿಗೆ ತಣಿದಿದ್ದರೆ ಕರಗುವುದು ಎರಡು ಗ್ರಾಂ ಮಾತ್ರ. ಆ ಎರಡು ಗ್ರಾಂ ಕರಗುವುದು ಲಾಭವೇ. ಅದೇ ಎರಡು ಪದರಗಳ ನಡುವಿನ ಅಂಟು. ಕೆಳಗಿನ ಪದರವನ್ನು ಕಲ್ಲಾಗುವ ತನಕ ಬಿಟ್ಟು ಮೇಲೆ ಬಿಳಿಯ ಹಿಮದ ಪುಡಿ ಕೂತ ಬಳಿಕ ಹೊಯ್ದರೆ, ಕ್ಯಾಂಡಿ ಲೋಟದಿಂದ ಹೊರಬರುವಾಗ ಪದರ ಪದರವಾಗಿ ಕಳಚುತ್ತದೆ.

ಏಳನೆಯ, ಎಂಟನೆಯ ತರಗತಿಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ‘ಘನೀಭವನ’, ‘ಗುಪ್ತೋಷ್ಣ’ ಎಂಬ ಶಬ್ದಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಕಳೆದ ವಾರವೇ ಮರೆಯುತ್ತಾರೆ. ರಜೆಯಲ್ಲಿ ಒಮ್ಮೆ ಈ ಲೋಟಗಳ ಮುಂದೆ ಕುಳಿತು ಗಡಿಯಾರ ನೋಡಿದ ಮಗುವಿಗೆ ಆ ಶಬ್ದಗಳ ಅರ್ಥವನ್ನು ಯಾವ ಮೇಸ್ಟರೂ ಮತ್ತೆ ಹೇಳಬೇಕಾಗಿಲ್ಲ. ಪದರವನ್ನು ಓರೆಯಾಗಿ ಮಾಡಬೇಕೆಂದು ಅವರು ಹಟ ಹಿಡಿದರೆ ಬಿಡಿ. ಲೋಟವನ್ನು ಬಟ್ಟಲಿನ ಅಂಚಿಗೆ ವಾಲಿಸಿ ಇಟ್ಟರಾಯಿತು.

ಫ್ರಿಜ್ಜಿಲ್ಲದ ಮನೆಯವರು ಮೀನಿನ ಪೇಟೆಯ ಕಡೆ ಸಿಗುವ ಮಂಜುಗಡ್ಡೆಯಿಂದಲೂ ಈ ಕೆಲಸ ಸಾಧಿಸಬಹುದು. ಗೋಣಿ ಸುತ್ತಿದ ಬಾಲ್ದಿಯಲ್ಲಿ ಮೂರು ಪಾಲು ಪುಡಿ ಮಾಡಿದ ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪು ಬೆರೆಸಿರಿ. ಉಪ್ಪು ಮಂಜುಗಡ್ಡೆಯನ್ನು ಕರಗಿಸುತ್ತದೆ. ಕರಗಲು ಬೇಕಾದ ಶಾಖವನ್ನು ಅದು ತನ್ನಿಂದಲೇ ಎಳೆದುಕೊಳ್ಳುವುದರಿಂದ ಮಿಶ್ರಣವು ಸೊನ್ನೆಗಿಂತ ಹದಿನೈದು-ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಲೋಟಗಳನ್ನು ಅದರೊಳಗೆ ಕುತ್ತಿಗೆಯ ತನಕ ಹೂತು, ಮೇಲೆ ಗೋಣಿ ಮುಚ್ಚಿ. ಹಿಂದೆ ಮದುವೆ ಮನೆಗಳಲ್ಲಿ ಐಸ್‌ಕ್ರೀಮು ತಿರುಗಿಸುತ್ತಿದ್ದುದು ಇದೇ ಉಪಾಯದಿಂದ. ಆದರೆ ಎರಡು ಎಚ್ಚರಿಕೆಗಳುಂಟು. ಈ ಮಂಜುಗಡ್ಡೆ ಕುಡಿಯುವ ನೀರಿನದಲ್ಲ, ಒಂದು ಹನಿಯೂ ಲೋಟದೊಳಗೆ ಸಿಡಿಯಬಾರದು. ಹೊರಗೆ ತೆಗೆಯುವ ಮುನ್ನ ಲೋಟದ ಅಂಚನ್ನು ಕುದಿಸಿದ ನೀರಿನಿಂದ ಒರಸಬೇಕು. ಮಕ್ಕಳು ಆ ಉಪ್ಪಿನ ಮಂಜಿನಲ್ಲಿ ಕೈ ಹಾಕಿದರೆ ಚರ್ಮ ಸುಟ್ಟಂತಾಗುತ್ತದೆ. ದೊಡ್ಡವರೇ ಮಾಡತಕ್ಕ ಕೆಲಸ.

ಬೇರೆ ಹಣ್ಣುಗಳ ವಿಷಯ ಸ್ವಲ್ಪ. ಹಲಸಿನಲ್ಲಿ ಬಕ್ಕೆಗಿಂತ ತುಳುವೆ ಲೇಸು, ಸೋಸಿದರೆ ಒಳ್ಳೆಯ ಹಳದಿ ರಸ ಸಿಗುತ್ತದೆ. ಅನಾನಸನ್ನು ಹಸಿಯಾಗಿ ದನದ ಹಾಲಿನೊಂದಿಗೆ ಬೆರೆಸಿದರೆ ಕಹಿಯಾಗುತ್ತದೆ. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಸಾರವನ್ನು ಮುರಿಯುವುದೇ ಕಾರಣ. ಐದು ನಿಮಿಷ ಕುದಿಸಿದರೆ ಆ ದೋಷ ಹೋಗುತ್ತದೆ.

ನಮ್ಮ ಗುಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಗೇರುಹಣ್ಣು. ಬೀಜಕ್ಕೆ ಬೆಲೆ, ಹಣ್ಣಿಗೆ ಇಲ್ಲ. ಕಿತ್ತಳೆಗಿಂತ ಹಲವು ಪಾಲು ಹೆಚ್ಚು ವಿಟಮಿನ್ ಸಿ ಅದರಲ್ಲಿದೆ. ಕೆರೆಯುವ ಒಗರೇ ಅದಕ್ಕೆ ಶತ್ರು. ರಸ ಹಿಂಡಿ, ಲೀಟರಿಗೆ ಅರ್ಧ ಲೋಟದಂತೆ ತಣಿದ ಗಂಜಿತಿಳಿ ಬೆರೆಸಿ ಕದಲದಂತೆ ಇಡಿ. ಒಗರಿನ ಅಂಶ ಗಂಜಿಯೊಂದಿಗೆ ಮಡ್ಡಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಒಂದು ಕುದಿ ಬರಿಸಿ ತಣಿಸಿದರೆ ಮಾವಿನ ಬದಲು ಇದನ್ನೇ ಹಾಕಬಹುದು. ಹಿಂಡಿದ ದಿನವೇ ಮಾಡಿ ಮುಗಿಸಬೇಕು, ಮರುದಿನಕ್ಕೆ ಅದು ಹುಳಿತು ಬೇರೆ ದಾರಿ ಹಿಡಿಯುತ್ತದೆ.

ತೆಗೆಯುವಾಗ ಕಡ್ಡಿಯನ್ನು ಎಳೆದಾಡಬೇಡಿ. ಲೋಟವನ್ನು ಬಾಯಿಯ ಕೆಳಗಿನ ತನಕ ತಣ್ಣೀರಿನಲ್ಲಿ ಹತ್ತು-ಹದಿನೈದು ಸೆಕೆಂಡು ಹಿಡಿದು, ಮೆಲ್ಲಗೆ ತಿರುಚಿದರೆ ತಾನೇ ಬರುತ್ತದೆ. ತೆಗೆದೊಡನೆ ಬಾಯಿಗಿಟ್ಟರೆ ನಾಲಿಗೆ ಅಂಟಿಕೊಂಡೀತು. ಒಂದು ನಿಮಿಷ ತಡೆಯಲು ಹೇಳಿ. ಸಕ್ಕರೆ ಕಾಯಿಲೆಯ ಅಜ್ಜ-ಅಜ್ಜಿಯರಿಗೆ ತಣ್ಪಿನಲ್ಲಿ ಸಿಹಿ ತೋರದೆಂದು ಎರಡು ಕೊಡಬಾರದು, ಒಳಗಿನ ಸಕ್ಕರೆ ಅಷ್ಟೇ ಇರುತ್ತದೆ. ಉಳಿದವನ್ನು ಮುಚ್ಚಿದ ಡಬ್ಬಿಯಲ್ಲಿ ಎರಡು ವಾರದ ತನಕ ಐಸಿನ ಅರೆಯಲ್ಲಿ ಇಡಬಹುದು. ಕರೆಂಟು ಹೋಗಿ ಪೂರ್ತಿ ಕರಗಿದವನ್ನು ಮಾತ್ರ ಮತ್ತೆ ಗಟ್ಟಿ ಮಾಡದೆ, ತೆಂಗಿನ ಹಾಲು ಹಳಸುವ ಮುನ್ನ ಕೂಡಲೇ ಶರಬತ್ತಿನಂತೆ ಕುಡಿದು ಮುಗಿಸಿ.