ಯಂತ್ರ ಬಂದಿದೆ, ಕರಾರು ಕನ್ನಡಕ್ಕೆ ಬಂದಿಲ್ಲ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ದಾರಿಯನ್ನೇ ನಂಬಿ ಬೆಳೆದ ಊರು. ಬೆಂಗಳೂರು-ತುಮಕೂರು ಹೆದ್ದಾರಿಗೆ ಶಿವಗಂಗೆಯ ರಸ್ತೆಯೂ ದೊಡ್ಡಬಳ್ಳಾಪುರದ ರಸ್ತೆಯೂ ಇಲ್ಲಿ ಕೂಡುತ್ತವೆ. ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಇಲ್ಲಿನ ಅಂಗಡಿಗಳಿಗೆ ಬರುವ ಗಿರಾಕಿಗಳೂ ಬದಲಾಗಿದ್ದಾರೆ. ಇಂಥ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ದೊಡ್ಡಬಳ್ಳಾಪುರದ ಮಗ್ಗದ ಸೀರೆಗಳನ್ನು ಅಂತರಜಾಲದಲ್ಲೂ ಮಾರಹೊರಟರೆ ಎದುರಾಗುವ ತೊಡಕುಗಳು ಗಮನಾರ್ಹವಾಗಿವೆ.

ಜಾಲತಾಣಕ್ಕೊಂದು ಪೇಮೆಂಟ್ ಗೇಟ್‌ವೇ, ಗಲ್ಲಾಪೆಟ್ಟಿಗೆಯ ಪಕ್ಕಕ್ಕೊಂದು ಕಾರ್ಡ್ ಯಂತ್ರ. ಎರಡೂ ಒಂದೇ ಖಾತೆಗೆ ಹಣ ತರುವುದರಿಂದ ಒಂದೇ ಎಂದು ತೋರುತ್ತದೆ. ಆದರೆ ನಷ್ಟದ ಪ್ರಶ್ನೆ ಬಂದಾಗ ಅವು ಬೇರೆ ಬೇರೆ. ಅಂಗಡಿಯಲ್ಲಿ ಗಿರಾಕಿ ಎದುರಿಗೇ ನಿಂತು ಪಿನ್ ಒತ್ತಿ ಸೀರೆಯನ್ನು ಕೈಯಲ್ಲೇ ಒಯ್ಯುತ್ತಾನೆ. ಅಂತರಜಾಲದ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಕಡ್ಡಾಯಗೊಳಿಸಿದೆ, ನಿಜ. ಅದರಿಂದ ಕಳವು ತಡೆಯಬಹುದೇ ಹೊರತು ತಕರಾರನ್ನಲ್ಲ. ಸೀರೆ ತಲುಪಲಿಲ್ಲವೆಂದೋ ಬಣ್ಣ ಬೇರೆಯೆಂದೋ ಗ್ರಾಹಕ ತನ್ನ ಬ್ಯಾಂಕಿಗೆ ದೂರಿತ್ತರೆ ಆ ಮೊತ್ತ ವ್ಯಾಪಾರಿಯ ಖಾತೆಯಿಂದ ಹಿಂದಕ್ಕೆ ಹೋಗಬಹುದು. ಗಡುವಿನೊಳಗೆ ಕೊರಿಯರ್ ರಸೀದಿ ಮುಂತಾದ ಪುರಾವೆ ಒದಗಿಸುವ ಹೊಣೆ ಮಾರಿದವರದೇ.

ಶುಲ್ಕದ ಕಥೆಯೂ ಸರಳವಲ್ಲ. 2020ರ ಜನವರಿಯಿಂದ ಬ್ಯಾಂಕ್ ಖಾತೆಯ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿ ಶುಲ್ಕವಿಲ್ಲ. ಇತರ ಡೆಬಿಟ್ ಕಾರ್ಡುಗಳಿಗೆ, ವಹಿವಾಟು 20 ಲಕ್ಷ ರೂಪಾಯಿಯೊಳಗಿದ್ದರೆ ಶೇ 0.40, ಮೀರಿದರೆ ಶೇ 0.90ರ ಮಿತಿಯನ್ನು ರಿಸರ್ವ್ ಬ್ಯಾಂಕ್ 2018ರಿಂದ ಹಾಕಿದೆ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯೇ ಇಲ್ಲ. ಕರಾರಿನಲ್ಲಿ ಬರೆದದ್ದೇ ದರ. ಹತ್ತು ಸಾವಿರದ ಸೀರೆಯ ಮೇಲೆ ಸಣ್ಣ ವ್ಯಾಪಾರಿ ಡೆಬಿಟ್ ಕಾರ್ಡಿಗೆ ತೆರುವುದು ಹೆಚ್ಚೆಂದರೆ 40 ರೂಪಾಯಿ. ಕ್ರೆಡಿಟ್ ಕಾರ್ಡಿಗೆ ಶೇ 2 ಎಂದು ಒಪ್ಪಿದ್ದರೆ 200 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸೀರೆಯಲ್ಲಿ ಉಳಿಯುವ ಲಾಭವನ್ನು ಬಲ್ಲವರಿಗೆ ಈ ಅಂತರ ಸಣ್ಣದಲ್ಲ.

ತೆರಿಗೆಯ ಭಯ ಬೇರೆ. ಯುಪಿಐ ಜಮೆಯ ವಿವರ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೀಡಿದ ನೋಟಿಸುಗಳಿಂದ ಬೆದರಿ, 2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಸಣ್ಣ ಅಂಗಡಿಗಳು ‘ಯುಪಿಐ ಇಲ್ಲ’ ಎಂಬ ಫಲಕ ತೂಗುಹಾಕಿದವು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಆದರೆ ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳ ಹೊರತು, ಆ ಮಿತಿಯ ರಕ್ಷಣೆ ಸಿಗುವುದಿಲ್ಲ. ಜಾಲತಾಣ ತೆರೆದವರಿಗೆ ಹೊಸೂರಿನಿಂದಲೇ ಬೇಡಿಕೆ ಬಂದರೂ ಅದು ಹೊರರಾಜ್ಯವೇ! ಯಂತ್ರ ಕೂಡಿಸಲು ಬರುವ ಯುವಕ ಇದನ್ನು ಹೇಳಬೇಕೆಂದು ನಿರೀಕ್ಷಿಸಲಾಗದು.

ಅಂತರಜಾಲದ ಪಾವತಿ ಸಂಸ್ಥೆಗಳಂತೆ ಅಂಗಡಿಯ ಯಂತ್ರದ ಮೂಲಕ ಹಣ ಸಂಗ್ರಹಿಸುವ ಸಂಸ್ಥೆಗಳನ್ನೂ 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಂತ್ರಣದ ವ್ಯಾಪ್ತಿಗೆ ತಂದಿದೆ. ಸ್ವಾಗತಾರ್ಹ ಕ್ರಮ. ಆದರೆ ವ್ಯಾಪಾರಿ ಸಹಿ ಹಾಕುವ, ಇಲ್ಲವೇ ಮೊಬೈಲಿನಲ್ಲಿ ‘ಒಪ್ಪಿದೆ’ ಎಂದು ಒತ್ತುವ ಕರಾರು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ಹಣ ಕಟ್ಟುವ ಚಲನ್ ಪ್ರಾದೇಶಿಕ ಭಾಷೆಯೂ ಸೇರಿ ಮೂರು ಭಾಷೆಗಳಲ್ಲಿರಬೇಕೆಂದು ಬ್ಯಾಂಕುಗಳಿಗೆ ಸೂಚಿಸಿರುವುದು ಇದೇ ರಿಸರ್ವ್ ಬ್ಯಾಂಕ್. ಕಾರ್ಡುವಾರು ದರ, ಯಂತ್ರದ ಬಾಡಿಗೆ, ಹಣ ಜಮೆಯಾಗುವ ದಿನ, ತಕರಾರಿಗೆ ಉತ್ತರಿಸುವ ಗಡುವು ಇವಿಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಮುದ್ರಿಸಿ ಸಹಿಗೆ ಮುನ್ನವೇ ಕೊಡಬೇಕೆಂದು ಈ ಸಂಸ್ಥೆಗಳಿಗೂ ಅದು ಆದೇಶಿಸಬೇಕು.