ಮರಳುಗಾಡಿನ ಬೇಸಿಗೆಯಲ್ಲಿ ಏಸಿ ಕೆಟ್ಟಾಗ

ಜುಲೈ ತಿಂಗಳ ನಡುಮಧ್ಯಾಹ್ನ. ಪತಿ ಕೆಲಸದಲ್ಲಿದ್ದಾರೆ. ಮಡಿಲಲ್ಲಿ ಹಸುಗೂಸು, ಒಳಕೋಣೆಯಲ್ಲಿ ಊರಿನಿಂದ ಬಂದ ವೃದ್ಧ ಅತ್ತೆ. ಅಷ್ಟರಲ್ಲಿ ಏಸಿ ನಿಂತುಹೋದರೆ? ಗಲ್ಫ್‌ನಲ್ಲಿ ಸಂಸಾರ ಹೂಡಿರುವ ಸಹೋದರಿಯರೇ, ಈ ಪ್ರಶ್ನೆಗೆ ಉತ್ತರ ಮೊದಲೇ ತಿಳಿದಿರಬೇಕು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂತಹ ನಾಡಿನಲ್ಲಿ ಏಸಿ ಆಡಂಬರವಲ್ಲ, ಜೀವರಕ್ಷಣೆ.

ಗಾಬರಿಯಾಗಬೇಡಿ. ರಿಮೋಟಿನ ಸೆಲ್ ನೋಡಿ. ಬ್ರೇಕರ್ ಬಿದ್ದಿದ್ದರೆ ಏಸಿ ಆರಿಸಿ, ಒಮ್ಮೆ ಮಾತ್ರ ಮೇಲೆತ್ತಿ. ಮತ್ತೆ ಬಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಮುಟ್ಟಬೇಡಿ. ಗಾಳಿ ಬಂದರೂ ತಂಪಿಲ್ಲವೇ? ಧೂಳು ಕಟ್ಟಿದ ಫಿಲ್ಟರನ್ನು ತೊಳೆದು, ಒಣಗಿಸಿ ಹಾಕಿ. ಒಳಗೆ ಮಂಜುಗಡ್ಡೆ ಕಟ್ಟಿದ್ದರೆ ಚಾಕುವಿನಿಂದ ಕೆರೆಯದೆ, ಏಸಿ ಆರಿಸಿ ಕರಗಲು ಬಿಡಿ. ಹೊರಗಿನ ಯಂತ್ರವನ್ನಂತೂ ಬಿಚ್ಚಲೇಬೇಡಿ. ಅದರ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು.

ಕೂಡಲೇ ಕಟ್ಟಡದ ವಾಚ್‌ಮನ್‌ಗೆ ಅಥವಾ ಮಾಲೀಕರಿಗೆ ತಿಳಿಸಿ. ದುಬೈಯ 2007ರ ಬಾಡಿಗೆ ಕಾನೂನಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ದುರಸ್ತಿಯ ಹೊಣೆ ಮಾಲೀಕರದು. ಆದ್ದರಿಂದ ಕರಾರುಪತ್ರವನ್ನು ಓದಿಟ್ಟುಕೊಳ್ಳಿ.

ಮೆಕ್ಯಾನಿಕ್ ಬರುವವರೆಗೆ ಪರದೆ ಎಳೆಯಿರಿ, ಒಲೆ ಹಚ್ಚಬೇಡಿ. ಟೆರೇಸಿನ ಟ್ಯಾಂಕಿನ ನೀರು ಕುದಿಯುವಂತಿರುತ್ತದೆ. ಬೇಸಿಗೆಯಲ್ಲಿ ಗೀಸರ್ ಆರಿಸಿಟ್ಟರೆ ಅದರೊಳಗಿನ ನೀರೇ ಹೆಚ್ಚು ತಂಪು. ಆ ನೀರಿನಿಂದ ಮಗುವಿನ, ಹಿರಿಯರ ಮೈ ಒರೆಸಿ. ಆಗಾಗ ಕುಡಿಯಲು ಕೊಡಿ. ಆರು ತಿಂಗಳೊಳಗಿನ ಮಗುವಿಗಾದರೆ ಎದೆಹಾಲನ್ನೇ ಹೆಚ್ಚು ಸಲ ಕೊಡಿ. ಕೋಣೆಯ ಉಷ್ಣತೆ 40 ಡಿಗ್ರಿ ಮೀರಿದರೆ ಫ್ಯಾನನ್ನು ನಂಬಬೇಡಿ, ಅದು ಬಿಸಿಗಾಳಿಯನ್ನೇ ಎರಚುತ್ತದೆ. ಸಂಕೋಚಪಡದೆ ನೆರೆಮನೆಯ ಬಾಗಿಲು ತಟ್ಟಿ. ಮಾತು ತೊದಲುವುದು, ಗಲಿಬಿಲಿ, ಎಚ್ಚರ ತಪ್ಪುವುದು ಉಷ್ಣಾಘಾತದ ಲಕ್ಷಣಗಳು. ಮೈಗೆ ನೀರು ಸುರಿಯುತ್ತಾ ಆಂಬುಲೆನ್ಸ್ ಕರೆಯಿರಿ: ಯುಎಇಯಲ್ಲಿ 998, ಸೌದಿಯಲ್ಲಿ 997, ಕುವೈತ್‌ನಲ್ಲಿ 112. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

"ಗ್ಯಾಸ್ ಮುಗಿದಿದೆ" ಎಂದು ಮೆಕ್ಯಾನಿಕ್ ಹೇಳಿದರೆ, ಎಲ್ಲಿ ಸೋರುತ್ತಿದೆ ಎಂದು ಕೇಳಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಸೋರಿಕೆ ಮುಚ್ಚದೆ ತುಂಬಿಸಿದರೆ ಹಣವೂ ಸೋರಿಹೋಗುತ್ತದೆ.

ಇನ್ನೊಂದು ಮಾತು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ಮೆಕ್ಯಾನಿಕ್ ತಡವಾಗಿ ಬಂದರೆ ಸಿಡುಕಬೇಡಿ. ಕಾದ ಟೆರೇಸಿಗೆ ಹತ್ತುವ ಆತನೂ ಯಾವುದೋ ತಾಯಿಯ ಮಗ. ಮೊದಲು ಒಂದು ಲೋಟ ತಣ್ಣೀರು ಕೊಡಿ.