ನಾಲ್ಕು ಗುಂಟೆಯ ಪಾಠಶಾಲೆ

ಪಿ.ಯು.ಸಿ. ಫಲಿತಾಂಶ ಬಂದ ವಾರ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಎರಡು ಮಾತು ಮೇಲಿಂದ ಮೇಲೆ ಕೇಳಿಬರುತ್ತವೆ. ಮೊದಲನೆಯದು, ‘ಮುಂದೇನು?’. ಎರಡನೆಯದು, ‘ಏನೂ ಆಗಲಿಲ್ಲ ಅಂದ್ರ ಹೊಲ ಐತಲ್ಲ’. ಎರಡನೆಯ ಮಾತಿನಲ್ಲಿ ತಂದೆಯ ಸಮಾಧಾನವಿದೆ, ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ಎಂಜಿನಿಯರಿಂಗಿಗೆ ನಾಲ್ಕು ವರ್ಷ ಓದಬೇಕು, ಐ.ಟಿ.ಐ.ಗೆ ಎರಡು ವರ್ಷ ಕಲಿಯಬೇಕು. ಹೊಲಕ್ಕೆ ಮಾತ್ರ ಏನನ್ನೂ ಕಲಿಯಬೇಕಿಲ್ಲ ಎಂದು ನಾವು ನಂಬಿಬಿಟ್ಟಿದ್ದೇವೆ. ರೈತನ ಮಗನಾಗಿ ಹುಟ್ಟಿದ ಮಾತ್ರಕ್ಕೆ ರೈತಿಕೆ ಬರುತ್ತದೆಯೇ? ಪಟ್ಟಣದ ಹಾಸ್ಟೆಲಿನಲ್ಲಿ ಬೆಳೆದ ಇಂದಿನ ಹುಡುಗನಿಗೆ ಮೆಂತ್ಯದ ಸಸಿಗೂ ಕುದುರೆಮೆಂತ್ಯದ ಸಸಿಗೂ ವ್ಯತ್ಯಾಸ ತಿಳಿಯುವುದು ಕಷ್ಟ.

ಬೇಸಾಯವೂ ಗುರುವಿನ ಬಳಿ ನಿಂತು ಕಲಿಯಬೇಕಾದ ಕಸುಬು. ಆ ಕಲಿಕೆಗೆ ಹತ್ತಾರು ಎಕರೆ ಬೇಕಿಲ್ಲ. ಮಣ್ಣಿನ ಕಸುವನ್ನು ಉಳಿಸಿ ಬೆಳೆಸುವ ಒಂದು ಸಣ್ಣ ಕಾಯಿಪಲ್ಯದ ತೋಟ ಸಾಕು.

ಹಳೆಯ ವಿದ್ಯೆ, ಹೊಸ ಹೆಸರು

ಹತ್ತಿರದ ಪೇಟೆಗೆಂದೇ ಬಗೆಬಗೆಯ ಸೊಪ್ಪು, ತರಕಾರಿ ಬೆಳೆಯುವ ಸಣ್ಣ ತೋಟಕ್ಕೆ ಹೊರದೇಶಗಳಲ್ಲಿ ‘ಮಾರ್ಕೆಟ್ ಗಾರ್ಡನ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ತೋಟಗಾರರು ಕುದುರೆ ಲಾಯದ ಗೊಬ್ಬರದ ಬಿಸಿಯಲ್ಲೇ ಚಳಿಗಾಲದಲ್ಲೂ ತರಕಾರಿ ಬೆಳೆಯುತ್ತಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಜಾನ್ ಮಾರ್ಟಿನ್ ಫೋರ್ಟಿಯೆ ಎಂಬ ರೈತ ಸುಮಾರು ಒಂದೂವರೆ ಎಕರೆಯಲ್ಲಿ ಸಂಸಾರ ನಡೆಸಿದ ಕ್ರಮವನ್ನು 2012ರಲ್ಲಿ ಪುಸ್ತಕವಾಗಿ ಬರೆದು ಹೆಸರಾದರು. ಬೆಳೆ ತೆಗೆಯುತ್ತಲೇ ಭೂಮಿಯನ್ನು ಮೊದಲಿಗಿಂತ ಫಲವತ್ತಾಗಿಸುವ ಪದ್ಧತಿಗೆ ‘ಪುನಶ್ಚೇತನ ಕೃಷಿ’ ಎಂಬ ಹೆಸರಿದೆ. 1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ರೊಡೇಲ್ ಈ ಮಾತನ್ನು ಪ್ರಚಾರಕ್ಕೆ ತಂದರು. ರೈತನ ತೋಟದಲ್ಲಿ ದುಡಿದು ಕಲಿಯಲು ಬಯಸುವವರಿಗೆಂದು 1971ರಲ್ಲಿ ಇಂಗ್ಲೆಂಡಿನ ಸೂ ಕಾಪರ್ಡ್ ಆರಂಭಿಸಿದ ಏರ್ಪಾಡು ಅನೇಕ ದೇಶಗಳಿಗೆ ಹಬ್ಬಿದೆ.

ಆದರೆ ಈ ಕಥೆಯ ಒಂದು ಬೇರು ನಮ್ಮ ದೇಶದಲ್ಲೇ ಇದೆ. ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದರು. ಕಲಿಸಲು ಬಂದವರು ಇಲ್ಲಿನ ರೈತರನ್ನೇ ತಮ್ಮ ಗುರುಗಳೆಂದು ಕರೆದರು. ಮುಂದೆ ಇಂದೋರಿನಲ್ಲಿ ಅವರು ರೂಪಿಸಿದ ಕಾಂಪೋಸ್ಟ್ ವಿಧಾನ ‘ಇಂದೋರ್ ಪದ್ಧತಿ’ಯೆಂದು ಜಗತ್ತಿಗೆಲ್ಲ ಪರಿಚಯವಾಯಿತು.

ಕರ್ನಾಟಕದಲ್ಲಿ ಈ ಬಗೆಯ ಗುರುವೆಂದರೆ ತಟ್ಟನೆ ನೆನಪಾಗುವವರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿ. ರಾಸಾಯನಿಕ ಕೃಷಿ ಮಾಡಿ ನೋಡಿ, ಅದನ್ನು ಬಿಟ್ಟು, ಜಪಾನಿನ ಮಸನೊಬು ಫುಕುವೊಕಾ ಅವರ ವಿಚಾರಗಳಿಂದ ಪ್ರೇರಣೆ ಪಡೆದವರು ಅವರು. 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟವನ್ನೇ ಶಾಲೆ ಮಾಡಿಕೊಂಡಿದ್ದರು. ಚಾಮರಾಜನಗರ ತಾಲ್ಲೂಕಿನ ಹೊಂಡರಬಾಳಿನಲ್ಲಿ ರೈತ ಸಂಘದ ಆಶಯದಿಂದ ಹುಟ್ಟಿದ ‘ಅಮೃತಭೂಮಿ’ಯೂ ಯುವಕರಿಗೆ ನೈಸರ್ಗಿಕ ಕೃಷಿಯ ತರಬೇತಿ ನೀಡುತ್ತ ಬಂದಿದೆ.

ಮೂರು ಊರು, ಮೂರು ಮಣ್ಣು

ನಮ್ಮ ಸೀಮೆಯ ವಿದ್ಯಾರ್ಥಿಗೆ ಅಷ್ಟು ದೂರ ಹೋಗುವ ಅಗತ್ಯವಿದೆಯೇ? ಕಲಿಯಬೇಕಾದ ಪಾಠಗಳೆಲ್ಲ ಸುತ್ತಲೇ ಇವೆ.

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ಕಣಜವಾಯಿತು. ಅದೇ ನೀರು ಹೆಚ್ಚಾಗಿ ನಿಂತಲ್ಲಿ ಭೂಮಿ ಸವುಳಾಯಿತು. ಇದರ ಹಿಂದಿನ ವಿಜ್ಞಾನ ಸರಳ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಲವಣ ಮಾತ್ರ ಬಿಳಿ ಹೊದಿಕೆಯಂತೆ ಮೇಲೆ ಉಳಿಯುತ್ತದೆ. ನೆಲದ ಮೇಲೆ ಹುಲ್ಲು, ರವದಿಯ ಹೊದಿಕೆ ಇದ್ದರೆ ಆವಿಯಾಗುವುದು ತಗ್ಗುತ್ತದೆ, ಉಪ್ಪು ಮೇಲೇರುವುದೂ ತಗ್ಗುತ್ತದೆ. ಹಾಗೆಂದು ಹೊದಿಕೆಯೊಂದರಿಂದಲೇ ಸವುಳು ಹೋಗದು. ನಿಂತ ನೀರು ಬಸಿದುಹೋಗಲು ಮೊದಲು ದಾರಿ ಮಾಡಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಭೂಮಿಯ ಬಗ್ಗೆ ಬಹುಕಾಲದಿಂದ ಅಧ್ಯಯನ ನಡೆದಿದೆ.

ಲಿಂಗಸುಗೂರು ಕಡೆ ಎರೆ ಭೂಮಿಯೂ ಇದೆ, ಮಸಾರಿಯೂ ಇದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮಸಾರಿಯಲ್ಲಿ ಬಿದ್ದ ನೀರು ಬೇಗ ಇಳಿದುಹೋಗುತ್ತದೆ. ಒಂದೇ ಬೀಜ, ಒಂದೇ ಮಳೆ. ಆದರೂ ಎರಡು ಹೊಲಗಳಿಗೆ ಬೇರೆ ಬೇರೆ ಹದ.

ಮಸ್ಕಿ ತಾಲ್ಲೂಕಿನಲ್ಲಿ ಕಾಲುವೆಯ ನೀರು ಕಂಡ ಹೊಲವೂ ಇದೆ, ಮಳೆಯನ್ನೇ ನಂಬಿದ ಹೊಲವೂ ಇದೆ. 5ಎ ಕಾಲುವೆಗಾಗಿ 2020-21ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕುಳಿತದ್ದು ಇದಕ್ಕಾಗಿಯೇ. ಕಾಲುವೆ ಇದ್ದವರಿಗಾದರೂ ನಿಶ್ಚಿಂತೆಯೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ರೈತರೆಲ್ಲ ನಿದ್ದೆಗೆಟ್ಟರು. ಕಡಿಮೆ ನೀರಿನಲ್ಲಿ ಬದುಕುವ ವಿದ್ಯೆ ಇಬ್ಬರಿಗೂ ಬೇಕು.

ಗುರುಗಳು ಯಾರು?

ಬೆಳಿಗ್ಗೆ ಪೇಟೆಗೆ ಮೆಂತ್ಯ, ರಾಜಗಿರಿ, ಪುಂಡಿಪಲ್ಯ, ಸಬ್ಬಸಿಗೆ ತಂದು ಕೂರುವ ಅವ್ವಂದಿರನ್ನು ನೋಡಿದ್ದೀರಿ. ಅವರಲ್ಲಿ ಎಷ್ಟೋ ಮಂದಿ ಬಾವಿ ಪಕ್ಕದ ಹತ್ತಿಪ್ಪತ್ತು ಗುಂಟೆಯಲ್ಲಿ ತಾವೇ ಬೆಳೆದವರು. ಯಾವ ಸೊಪ್ಪು ಎಷ್ಟು ದಿನಕ್ಕೆ ಕೀಳಬೇಕು, ಯಾವ ಹಬ್ಬಕ್ಕೆ ಯಾವುದಕ್ಕೆ ಗಿರಾಕಿ, ಹಸ್ತ ಮಳೆಗೆ ಏನು ಹಾಕಬೇಕು ಎಂಬುದೆಲ್ಲ ಅವರ ಬಾಯಲ್ಲೇ ಇದೆ. ಇವರ ಅನುಭವಕ್ಕೆ ಮಣ್ಣಿನ ವಿಜ್ಞಾನವನ್ನು ಜೋಡಿಸಿದರೆ ಒಳ್ಳೆಯ ಪಾಠಶಾಲೆ ಸಿದ್ಧ. ವಿಜ್ಞಾನದ ಭಾಗಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿವೆ. ಕವಿತಾಳದಲ್ಲಿ ಕವಿತಾ ಮಿಶ್ರಾ ಅವರು ಶ್ರೀಗಂಧದೊಂದಿಗೆ ಬಗೆಬಗೆಯ ಗಿಡಮರ ಬೆಳೆಸಿದ ತೋಟವೂ ಈ ಬಿಸಿಲು ನಾಡಿನಲ್ಲಿ ಮಿಶ್ರ ಬೆಳೆಗೆ ಕಣ್ಣೆದುರಿನ ಉದಾಹರಣೆ.

ಕಲಿಯುವುದೇನು?

ಮೊದಲ ಪಾಠ ಮಣ್ಣಿನದು. ಉಳುಮೆ ಮಾಡಿದ ಹೊಲದ ಒಂದು ಒಣ ಹೆಂಟೆ, ಬದುವಿನ ಹುಲ್ಲಿನ ಬುಡದ ಒಂದು ಒಣ ಹೆಂಟೆ ತಂದು ಎರಡು ಗಾಜಿನ ಲೋಟಗಳ ನೀರಿನಲ್ಲಿ ಮೆಲ್ಲಗೆ ಇಳಿಬಿಡಿ. ಸಾಮಾನ್ಯವಾಗಿ ಮೊದಲನೆಯದು ಬೇಗ ಕುಸಿದು ರಾಡಿಯಾಗುತ್ತದೆ, ಎರಡನೆಯದು ಬಹುಹೊತ್ತು ಹಿಡಿದುಕೊಂಡಿರುತ್ತದೆ. ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳ ಅಂಟು ಮಣ್ಣಿನ ಕಣಗಳನ್ನು ಹಿಡಿದಿಡುವುದೇ ಇದಕ್ಕೆ ಕಾರಣ. ಹೀಗೆ ಹಿಡಿದುಕೊಂಡ ಮಣ್ಣಿನಲ್ಲಿ ಮಳೆನೀರು ಇಂಗುತ್ತದೆ. ರಾಡಿಯಾಗುವ ಮಣ್ಣಿನ ಮೇಲೆ ಹರಿದುಹೋಗುತ್ತದೆ.

ಎರಡನೆಯದು ತಿಪ್ಪೆಯ ಪಾಠ. ಭತ್ತದ ಕೊಯ್ಲಾದ ಮೇಲೆ ಕೆಲವೆಡೆ ಹುಲ್ಲಿಗೆ ಬೆಂಕಿ ಇಡುತ್ತಾರೆ. ಆ ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿ, ಹಸಿ ಸೊಪ್ಪು ಬೆರೆಸಿ, ಇಂಗಾಲ 25-30 ಪಾಲಿಗೆ ಸಾರಜನಕ 1 ಪಾಲು ಇರುವಂತೆ ಒಟ್ಟಿದರೆ ಕೆಲವೇ ದಿನಗಳಲ್ಲಿ ರಾಶಿಯ ಒಳಗೆ 55-65 ಡಿಗ್ರಿ ಸೆಲ್ಸಿಯಸ್ ಶಾಖ ಏಳುತ್ತದೆ. ಹಲವು ಕಳೆಬೀಜಗಳು, ರೋಗಾಣುಗಳು ಈ ಶಾಖಕ್ಕೆ ಸಾಯುತ್ತವೆ. ಪ್ರಯೋಗಶಾಲೆಯ ಥರ್ಮಾಮೀಟರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೆ?

ಮೂರನೆಯದು ಬೇರಿನ ಪಾಠ. ಚವಳಿ, ಅಲಸಂದಿ, ಶೇಂಗಾದ ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆದಿದೆ ಎಂದರ್ಥ. ಹತ್ತನೇ ತರಗತಿಯ ವಿದ್ಯಾರ್ಥಿ ಓದಿದ ಹಿಮೋಗ್ಲೋಬಿನ್ನಿನ ಬಳಗದ ವಸ್ತುವೇ ಅಲ್ಲಿನ ಬಣ್ಣಕ್ಕೆ ಕಾರಣ.

ಉಳಿದದ್ದು ದಿನಚರಿ. ಮಡಿ ಕಟ್ಟುವುದು, ಸಸಿ ಎಬ್ಬಿಸುವುದು, ಕಳೆ ತೆಗೆಯುವುದು, ಹೇನು ತಿನ್ನುವ ಗುಲಗಂಜಿ ಹುಳುವನ್ನು ಗುರುತಿಸಿ ಉಳಿಸುವುದು, ಬೀಜ ಕಟ್ಟಿಡುವುದು. ಎಲ್ಲ ಮಡಿಗಳಿಗೂ ಒಂದೇ ದಿನ ಮೆಂತ್ಯ ಹಾಕಿದರೆ ತಿಂಗಳ ಕೊನೆಗೆ ಒಮ್ಮೆಲೇ ಮಾರಬೇಕಾಗುತ್ತದೆ. ವಾರಕ್ಕೊಂದು ಮಡಿಯಂತೆ ಹಾಕಿದರೆ ವಾರವಾರವೂ ಕೈಗೆ ಕಾಸು. ಈ ಸರದಿಯ ಲೆಕ್ಕ ಬಂದರೆ ಅರ್ಧ ತೋಟಗಾರಿಕೆ ಬಂದಂತೆ.

ನೀರಿನ ಲೆಕ್ಕ

ನಾಲ್ಕು ಗುಂಟೆ ಎಂದರೆ ಎಕರೆಯ ಹತ್ತನೇ ಒಂದು ಭಾಗ, ಸುಮಾರು 405 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಈ ತುಂಡು ಭೂಮಿಗೆ ಸಿಗುವುದು 2,43,000 ಲೀಟರ್. ಬಿಸಿಲುಗಾಲದಲ್ಲಿ ಮಣ್ಣು ಮತ್ತು ಎಲೆಗಳಿಂದ ದಿನಕ್ಕೆ 6 ಮಿ.ಮೀ. ಆವಿಯಾಗುತ್ತದೆಂದು ಹಿಡಿದರೆ ದಿನದ ಖರ್ಚು 2,430 ಲೀಟರ್. ಅಂದರೆ ಬಿದ್ದ ಹನಿಯೆಲ್ಲ ಇಂಗಿ ಉಳಿದರೂ ನೂರು ದಿನದ ನೀರು! ನಿಜವಾಗಿ ಮಳೆ ಕೆಲವೇ ದಿನ ಬಿರುಸಾಗಿ ಬಿದ್ದು ಹರಿದುಹೋಗುತ್ತದೆ. ಹೊದಿಕೆ, ಬದು, ಹನಿ ನೀರಾವರಿ, ಗಾಳಿ ತಡೆಯುವ ಗಿಡಗಳ ಸಾಲು ಏಕೆ ಬೇಕೆಂದು ಈ ಲೆಕ್ಕ ಮಾಡಿದ ವಿದ್ಯಾರ್ಥಿಗೆ ಬೇರೆ ಹೇಳಬೇಕಿಲ್ಲ.

ಪಾಲಕರಿಗೆ ನಾಲ್ಕು ಮಾತು

ಒಂದು: ಶಾಲೆ ಬಿಡಿಸಿ ತೋಟಕ್ಕೆ ಕಳಿಸುವ ಮಾತು ಇದಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. 2016ರ ತಿದ್ದುಪಡಿಯ ನಂತರ ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತೆಯೂ ಇಲ್ಲ. ಶಾಲಾ ಮಕ್ಕಳಿಗೆ ಭಾನುವಾರದ, ರಜೆಯ ಒಂದೆರಡು ತಾಸಿನ ಕಲಿಕೆ ಸಾಕು. ಪಿ.ಯು.ಸಿ., ಪದವಿ ಮುಗಿಸಿ ಹದಿನೆಂಟು ದಾಟಿದವರು ಬಿತ್ತನೆಯಿಂದ ಬೇಸಿಗೆಯವರೆಗೆ ಒಂದು ವರ್ಷ ಪೂರ್ತಿ ನಿಂತು ಕಲಿಯಲಿ. ಕ್ರಿಮಿನಾಶಕದ ಡಬ್ಬಿ ಮುಟ್ಟುವ ಕೆಲಸ ಮಕ್ಕಳಿಗೆ ಬೇಡವೇ ಬೇಡ.

ಎರಡು: ಕಲಿಕೆಯ ಹೆಸರಿನಲ್ಲಿ ಪುಕ್ಕಟೆ ಕೂಲಿ ಆಗಬಾರದು. ಕಾರ್ಖಾನೆಗಳಲ್ಲಿ ಕೆಲಸ ಕಲಿಯುವವರಿಗೆ ಭತ್ಯೆ ಕೊಡಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಹೇಳುತ್ತದೆ. ಊರಿನ ತೋಟದಲ್ಲಿ ಲಿಖಿತ ಕರಾರು ಇರುವುದಿಲ್ಲ. ಆದ್ದರಿಂದ ಎಷ್ಟು ತಾಸು ಕೆಲಸ, ಊಟ ಯಾರದು, ಭತ್ಯೆ ಎಷ್ಟು, ಪೆಟ್ಟಾದರೆ ಯಾರು ನೋಡಬೇಕು, ಯಾವ ತಿಂಗಳಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಮೊದಲೇ ಕೇಳಿ. ವರ್ಷವಿಡೀ ಬರೀ ಕಳೆ ಕೀಳಿಸಿದರೆ ಅದು ಕಲಿಕೆಯಲ್ಲ.

ಮೂರು: ಹಣದ ವಿಷಯದಲ್ಲಿ ಭ್ರಮೆ ಬೇಡ. ಟೊಮ್ಯಾಟೊ ಬೆಲೆ ಬಿದ್ದಾಗ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಮೊದಲ ವರ್ಷ ಕೈಗೆ ಬರುವುದಕ್ಕಿಂತ ಕೈಬಿಟ್ಟು ಹೋಗುವುದೇ ಹೆಚ್ಚಾಗಬಹುದು. ಅದಕ್ಕೇ ಸ್ವಂತ ಹೊಲಕ್ಕೆ ಸಾಲ ತಂದು ಹಾಕುವ ಮೊದಲು ಇನ್ನೊಬ್ಬರ ತೋಟದಲ್ಲಿ ಕಲಿಯುವುದು ಜಾಣತನ. ಬೀಜ, ಗೊಬ್ಬರ, ಆಳು, ಮಾರಾಟ ಎಲ್ಲವನ್ನೂ ದಿನವೂ ಬರೆದಿಡುವ ಒಂದು ನೋಟ್‌ಬುಕ್ ಹುಡುಗನ ಕೈಯಲ್ಲಿರಲಿ. ಹುಡುಗಿಯ ಕೈಯಲ್ಲೂ ಇರಲಿ. ಕಾಯಿಪಲ್ಯದ ವಿದ್ಯೆಯನ್ನು ಇಷ್ಟು ದಿನ ಉಳಿಸಿದವರೇ ಹೆಣ್ಣುಮಕ್ಕಳು.

ನಾಲ್ಕು: ಈ ಕಲಿಕೆ ಓದಿಗೆ ಅಡ್ಡಿಯಲ್ಲ. ಬಿ.ಎಸ್ಸಿ. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳ ಕೋಟಾವನ್ನು 2021ರಲ್ಲಿ ಶೇಕಡಾ 40ರಿಂದ 50ಕ್ಕೆ ಏರಿಸಲಾಯಿತು. ಈ ಕೋಟಾ ಬಯಸುವವರಿಗೆ ಪ್ರಾಯೋಗಿಕ ಪರೀಕ್ಷೆ ನಡೆಸುತ್ತ ಬಂದಿದ್ದಾರೆ. ಕಾಳು, ಬೆಳೆ, ಸಲಕರಣೆ ಕಂಡರೆ ಗುರುತು ಹಿಡಿಯಬೇಕು. ಕೂರಿಗೆ ಯಾವುದು, ಕುಂಟೆ ಯಾವುದು ಎಂದು ಪರೀಕ್ಷೆಯ ಹಿಂದಿನ ರಾತ್ರಿ ಚಿತ್ರ ನೋಡಿ ಬಾಯಿಪಾಠ ಮಾಡುವ ರೈತರ ಮಕ್ಕಳೂ ಇದ್ದಾರೆ! 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಇಂಥ ಯೋಜನೆಗಳು ಊರಿಗೆ ಬಂದಾಗ ಹೊಲವನ್ನೂ ಪುಸ್ತಕವನ್ನೂ ಬಲ್ಲವರು ಬೇಕಾಗುತ್ತಾರೆ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಪತ್ತೆಯಾದ ಅಶೋಕನ ಶಾಸನವನ್ನು ನಮ್ಮ ಮಕ್ಕಳು ಪ್ರವಾಸದಲ್ಲಿ ನೋಡಿ ಬರುತ್ತಾರೆ. ಅಶೋಕನ ಹೆಸರೇ ಅದರಲ್ಲಿದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ದೊಡ್ಡವರಷ್ಟೇ ಅಲ್ಲ, ಶ್ರದ್ಧೆಯಿಂದ ತೊಡಗಿದ ಸಣ್ಣವನೂ ಉನ್ನತಿಯನ್ನು ಮುಟ್ಟಬಲ್ಲ ಎಂಬ ಭಾವವೂ ಅದೇ ಕಲ್ಲಿನಲ್ಲಿದೆ. ಸಣ್ಣ ಹಿಡುವಳಿಯ ಮನೆಗಳೇ ತುಂಬಿರುವ ಈ ನಾಡಿಗೆ ಅದು ಸಲ್ಲುವ ಮಾತು.

ಈ ರಜೆಯಲ್ಲಿ ಮಕ್ಕಳನ್ನು ಹತ್ತಿರದ ಸೊಪ್ಪಿನ ಮಡಿಯ ಬಳಿ ಒಮ್ಮೆ ಕರೆದುಕೊಂಡು ಹೋಗಿ. ‘ಏನವ್ವ, ನಮ್ಮ ಹುಡುಗಗ ನಾಕು ದಿನ ಕಲಿಸ್ತೀಯೇನು?’ ಎಂದು ಕೇಳಿ ನೋಡಿ. ‘ಏನೂ ಆಗಲಿಲ್ಲ ಅಂದ್ರ’ ಎಂಬ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.